ನಂಜಮ್ಮನ ಮನೆಯ ಪ್ಲೇಗು, ನಮ್ಮ ಜಗುಲಿಯ ಮಾತು

ಗಿರೀಶ ಕಾಸರವಳ್ಳಿಯವರ ‘ಗೃಹಭಂಗ’ ಧಾರಾವಾಹಿ ಬರುತ್ತಿದ್ದ ದಿನಗಳಲ್ಲಿ ಹೊಳೆನರಸೀಪುರದ ನಮ್ಮ ವಠಾರದ ಹೆಂಗಸರು ಅದನ್ನು ಹೆಸರು ಹಿಡಿದು ಕರೆದದ್ದು ಕಡಿಮೆ. “ನಂಜಮ್ಮ ಬರೋ ಹೊತ್ತಾಯ್ತು, ಬೇಗ ಸಾರು ಇಳಿಸಿ ಬನ್ನಿ” ಎಂದು ಒಬ್ಬರನ್ನೊಬ್ಬರು ಕೂಗುತ್ತಿದ್ದರು. ನಂಜಮ್ಮ ಪಕ್ಕದ ಬೀದಿಯಿಂದ ಕಷ್ಟ ಹೇಳಿಕೊಳ್ಳಲು ಬರುವವಳು ಎಂಬಂತೆ ಕಾಯುತ್ತಿದ್ದರು. ಕಂತು ಮುಗಿದ ಮೇಲೆ ಮಾತು ಶುರುವಾಗುತ್ತಿತ್ತು. ಆ ಮಾತಿನ ಬಗ್ಗೆಯೇ ಬರೆಯಬೇಕೆಂದು ನನಗೆ ಬಹಳ ದಿನದಿಂದ ಆಸೆ. ನಲವತ್ತರ ದಶಕದ ಪ್ಲೇಗನ್ನು, ಶಾನುಭೋಗಿಕೆಯನ್ನು, ಸಾಲವನ್ನು, ಹಸಿವನ್ನು ನಮ್ಮ ಜಿಲ್ಲೆಯ ಹೆಂಗಸರು ಹೇಗೆ ನೆನಪಿಟ್ಟುಕೊಂಡಿದ್ದಾರೆ ಎಂಬುದನ್ನು ನಾನು ಕನ್ನಡ ಪಾಠ ಹೇಳಿದ ವರ್ಷಗಳಲ್ಲಿ ಯಾವ ಪುಸ್ತಕದಿಂದಲೂ ಅಷ್ಟು ಕಲಿತಿರಲಿಲ್ಲ.

ಕಾದಂಬರಿ ಓದದವರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ ಪ್ರಕಟವಾದದ್ದು 1970ರಲ್ಲಿ. ರಾಮಸಂದ್ರ ಎಂಬ ಹಳ್ಳಿಯ ಶಾನುಭೋಗರ ಮನೆ. ಬಾಯಿ ಬಿಟ್ಟರೆ ಬೈಗುಳವೇ ಆದ ಅತ್ತೆ ಗಂಗಮ್ಮ. ಹೊಟ್ಟೆ ತುಂಬಿಸಿಕೊಳ್ಳುವುದು ಬಿಟ್ಟರೆ ಬೇರೇನೂ ತಿಳಿಯದ ಗಂಡ ಚೆನ್ನಿಗರಾಯ. ಹಾಗೆಯೇ ಬೆಳೆದ ಮೈದುನ ಅಪ್ಪಣ್ಣಯ್ಯ. ಈ ಮನೆಗೆ ಸೊಸೆಯಾಗಿ ಬಂದ ನಂಜಮ್ಮ ಜಮೀನು ಕೈಬಿಟ್ಟು ಹೋದ ಮೇಲೆ ಗಂಡನ ಹೆಸರಿನಲ್ಲಿ ತಾನೇ ಶಾನುಭೋಗಿಕೆಯ ಲೆಕ್ಕ ಬರೆಯುತ್ತಾಳೆ, ಮುತ್ತುಗದ ಎಲೆ ಹಚ್ಚಿ ಮಾರುತ್ತಾಳೆ, ಮೂರು ಮಕ್ಕಳನ್ನು ಸಾಕುತ್ತಾಳೆ. ಆಮೇಲೆ ಪ್ಲೇಗು ಬರುತ್ತದೆ. ಆಗಷ್ಟೇ ಮದುವೆಯಾದ ಮಗಳು ಪಾರ್ವತಿ, ಓದುತ್ತಿದ್ದ ಮಗ ರಾಮಣ್ಣ, ಇಬ್ಬರೂ ಹೋಗುತ್ತಾರೆ. ಕಿರಿಯವನು ವಿಶ್ವ ಉಳಿಯುತ್ತಾನೆ.

ನಮ್ಮ ಜಗುಲಿಯಲ್ಲಿ ಹೆಚ್ಚು ಚರ್ಚೆಯಾದದ್ದು ಈ ಪ್ಲೇಗಿನ ಕಂತು. ಅದು ಮುಗಿದ ರಾತ್ರಿ ಯಾರೂ ಎದ್ದು ಹೋಗಲಿಲ್ಲ. ಮೊದಲು ಬಾಯಿ ಬಿಟ್ಟವರು ಎದುರುಮನೆಯ ಅಜ್ಜಿ. ಅವರ ತವರು ಅರಕಲಗೂಡು ತಾಲ್ಲೂಕಿನಲ್ಲಿ, ಕಾವೇರಿ ದಡದ ಒಂದು ಹಳ್ಳಿ. ರಾಮನಾಥಪುರದ ಜಾತ್ರೆಗೆ ನಡೆದೇ ಹೋಗುತ್ತಿದ್ದರಂತೆ. “ಇಲಿ ಬಿತ್ತು ಅಂದ್ರೆ ಊರು ಬಿಡೋದೇ ಕಣವ್ವ. ತೋಟದಲ್ಲಿ ಸೋಗೆ ಗುಡ್ಲು ಹಾಕ್ಕೊಂಡು ಎಲ್ಲಾ ಜಾತಿಯೋರೂ ಬಯಲಿಗೆ ಬೀಳೋದು. ನಮ್ಮನ್ನೂ ಕರ್ಕೊಂಡು ಹೋದ್ರು. ಆದ್ರೆ ನಮ್ಮಪ್ಪ ಮನೇಲಿ ಬಿಟ್ಟು ಬಂದ ರಾಗಿ ತರಾಕೆ ಊರೊಳಿಕ್ಕೆ ಹೋದ. ರಾಗಿ ಮೂಟೆ ತಂದ. ಅದರ ಜೊತೆಗೆ ಅದೂ ಬಂತು” ಎಂದರು. ಅವರ ಅಣ್ಣ, ಅಕ್ಕ ಇಬ್ಬರೂ ಗುಡಿಸಿಲಿನಲ್ಲೇ ತೀರಿಕೊಂಡರಂತೆ. ಆ ಇಬ್ಬರ ಹೆಸರನ್ನು ಅಜ್ಜಿ ಹೇಳಿದಾಗ ಅವರ ಮಗನೇ ಬೆಚ್ಚಿಬಿದ್ದರು. ತನಗೆ ಹಾಗೊಬ್ಬ ಸೋದರಮಾವ, ಹಾಗೊಬ್ಬ ದೊಡ್ಡಮ್ಮ ಇದ್ದರೆಂಬುದು ಐವತ್ತು ದಾಟಿದ ಅವರಿಗೆ ಅವತ್ತೇ ತಿಳಿದದ್ದು.

ರಾಗಿ ಮೂಟೆಯ ಆ ಮಾತನ್ನು ಮರುದಿನ ನಾನು ಶಾಲೆಯ ಜೀವಶಾಸ್ತ್ರದ ಮೇಷ್ಟ್ರ ಮುಂದೆ ಇಟ್ಟೆ. ಅಜ್ಜಿ ಹೇಳಿದ್ದು ಅಕ್ಷರಶಃ ಸರಿ ಎಂದರು ಅವರು. ಪ್ಲೇಗಿನ ರೋಗಾಣುವನ್ನು ಅಲೆಕ್ಸಾಂಡ್ರೆ ಯೆರ್ಸಿನ್ ಎಂಬ ವೈದ್ಯ ಹಾಂಗ್‌ಕಾಂಗಿನಲ್ಲಿ ಗುರುತಿಸಿದ್ದು 1894ರಲ್ಲಿ. ಅದು ಮೊದಲು ಇಲಿಯನ್ನು ಹಿಡಿಯುತ್ತದೆ. ಇಲಿಯ ಮೈಮೇಲಿನ ಚಿಗಟ ಅದನ್ನು ಹೊತ್ತು ತಿರುಗುತ್ತದೆ. ಇಲಿ ಸತ್ತು ಮೈ ತಣ್ಣಗಾದರೆ ಚಿಗಟ ಬಿಸಿ ಮೈ ಹುಡುಕಿಕೊಂಡು ಹೊರಡುತ್ತದೆ. ಹತ್ತಿರ ಸಿಕ್ಕುವುದು ಮನುಷ್ಯ. ಕಚ್ಚಿದ ಕೆಲವೇ ದಿನಕ್ಕೆ ಚಳಿಜ್ವರ, ತೊಡೆಸಂದಿಯಲ್ಲೋ ಕಂಕುಳಲ್ಲೋ ಗಂಟು. ಇಲಿ ಬಿದ್ದ ಕೂಡಲೇ ಊರು ಬಿಡುವ ಪದ್ಧತಿಯನ್ನು ನಮ್ಮ ಹಿರಿಯರು ಯಾವ ಪ್ರಯೋಗಾಲಯದಿಂದಲೂ ಕಲಿತದ್ದಲ್ಲ, ಆದರೂ ಅದು ಕೆಲಸ ಮಾಡುತ್ತಿತ್ತು. ಚಿಗಟ ಇರುವ ಮನೆಗೆ ಧಾನ್ಯಕ್ಕಾಗಿ ಮರಳಿ ಹೋದಲ್ಲಿ ಅದು ಕೈಕೊಡುತ್ತಿತ್ತು. ಹೋಗದೆ ಇನ್ನೇನು ಮಾಡಿಯಾರು? ಬಯಲಿಗೆ ಬಿದ್ದರೂ ಹೊಟ್ಟೆ ಕೇಳುತ್ತದೆಯೇ?

ಬೊಂಬಾಯಿಗೆ 1896ರಲ್ಲಿ ಬಂದ ಆ ಪಿಡುಗು 1898ರಲ್ಲಿ ಬೆಂಗಳೂರು ತಲುಪಿತು. ಬಸವನಗುಡಿ, ಮಲ್ಲೇಶ್ವರದಂಥ ಬಡಾವಣೆಗಳು ಆ ಭಯದಲ್ಲೇ ಬೆಳೆದವು. ವಾಲ್ಡೆಮಾರ್ ಹಾಫ್‌ಕಿನ್ 1897ರಲ್ಲೇ ಚುಚ್ಚುಮದ್ದು ಕಂಡುಹಿಡಿದಿದ್ದರು. ಆದರೂ ಅರ್ಧ ಶತಮಾನದವರೆಗೆ ನಮ್ಮ ಹಳ್ಳಿಗಳಲ್ಲಿ ಮಕ್ಕಳು ಸಾಯುತ್ತಲೇ ಇದ್ದರು. ಭೈರಪ್ಪನವರ ಮನೆಯಲ್ಲೂ ಸತ್ತರು. ಅವರು ಹುಟ್ಟಿದ್ದು ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ. ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿಗೆ ಕಳೆದುಕೊಂಡು ವಾರಾನ್ನದಲ್ಲಿ ಓದಿದವರು ಅವರು. ಆತ್ಮಕಥೆ ‘ಭಿತ್ತಿ’ಯಲ್ಲಿ ಅದನ್ನೆಲ್ಲ ಬರೆದಿದ್ದಾರೆ. ಹೀಗಾಗಿ ನಮ್ಮ ಕಡೆಯ ನೋಡುಗರಿಗೆ ನಂಜಮ್ಮ ಯಾರ ತಾಯಿ ಎಂಬುದು ಗುಟ್ಟಾಗಿರಲಿಲ್ಲ. ಮಾಳವಿಕಾ ಅವಿನಾಶ್ ಆ ಪಾತ್ರ ಮಾಡಿದಾಗ ಚನ್ನರಾಯಪಟ್ಟಣದವರು ಅವರನ್ನು ನಟಿಯೆಂದು ನೋಡಲಿಲ್ಲ, ನಮ್ಮ ತಾಲ್ಲೂಕಿನ ಹೆಣ್ಣುಮಗಳೆಂದೇ ನೋಡಿದರು.

ದೂರದರ್ಶನದ ‘ರಾಮಾಯಣ’ದ ಕಾಲವೂ ನನಗೆ ನೆನಪಿದೆ. ಅದು 1987ರ ಜನವರಿಯಲ್ಲಿ ಶುರುವಾದದ್ದು. ಭಾನುವಾರ ಬೆಳಿಗ್ಗೆ ಬೀದಿಗೆ ಬೀದಿಯೇ ಖಾಲಿ, ಟಿ.ವಿ.ಗೆ ಹೂ ಏರಿಸುತ್ತಿದ್ದರು. ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಇದೆ. ಇನ್ಸಾಟ್ ಉಪಗ್ರಹಗಳನ್ನು ಆಗ ನಡೆಸುತ್ತಿದ್ದದ್ದು ಅಲ್ಲಿಂದಲೇ. ಅಂದರೆ ದೇಶದ ಮೂಲೆಮೂಲೆಗೆ ರಾಮನನ್ನು ತಲುಪಿಸುತ್ತಿದ್ದ ಉಪಗ್ರಹದ ಲಗಾಮು ನಮ್ಮ ಜಿಲ್ಲೆಯ ಕೈಯಲ್ಲಿತ್ತು. ಆದರೆ ಆಗ ಕಂತು ಮುಗಿದರೆ ಕೈಮುಗಿದು ಏಳುತ್ತಿದ್ದೆವು. ‘ಗೃಹಭಂಗ’ದ ಕಾಲದಲ್ಲಿ ಹಾಗಾಗಲಿಲ್ಲ. ಪ್ರತಿಯೊಬ್ಬರೂ ಸಾಕ್ಷಿ ಹೇಳಲು ನಿಂತರು.

ಚನ್ನರಾಯಪಟ್ಟಣದಲ್ಲಿ ನಾನು ಕೆಲಸದಲ್ಲಿದ್ದಾಗ ಸ್ಟಾಫ್‌ ರೂಮಿನಲ್ಲಿ ಕಂಡದ್ದು ಇನ್ನೊಂದು ಬಗೆಯ ಸಾಕ್ಷಿ. ನಮ್ಮ ಗಣಿತದ ಮೇಷ್ಟ್ರ ತಂದೆ ಹಳ್ಳಿಯೊಂದರ ಶಾನುಭೋಗರಾಗಿದ್ದವರು. ನಂಜಮ್ಮ ಲೆಕ್ಕ ಬರೆಯುವ ವಿಷಯ ಎತ್ತಿದ ಕೂಡಲೇ ಅವರು ಒಂದು ಹಾಳೆ ಎಳೆದುಕೊಂಡರು. ಡ್ರಾಯಿಂಗ್ ಮೇಷ್ಟ್ರ ದುಂಡನೆಯ ರೂಲುದೊಣ್ಣೆ ಈಸಿಕೊಂಡು ಅದನ್ನು ಅಂಗೈಯಲ್ಲಿ ಉರುಳಿಸುತ್ತಾ, ಪ್ರತಿ ಉರುಳಿಗೊಂದು ಗೆರೆ ಎಳೆಯುತ್ತಾ ಹೋದರು. ಗೆರೆಗಳ ನಡುವಿನ ಜಾಗ ಕೂದಲಷ್ಟೂ ವ್ಯತ್ಯಾಸವಿಲ್ಲದೆ ಬಂತು. “ಇದನ್ನ ಕಲಿಸಿದ್ದು ಅಪ್ಪ ಅಲ್ಲ, ನಮ್ಮಮ್ಮ. ಅಪ್ಪನಿಗೆ ಜಮಾಬಂದಿ ಹತ್ತಿರ ಬಂದ್ರೆ ಕೈ ನಡುಗೋದು. ರಾತ್ರಿ ಎಲ್ಲಾ ಕೂತು ಖಾತೆ, ಖಿರ್ದಿ ಎಲ್ಲಾ ಅಮ್ಮ ಬರೆಯೋರು. ಬೆಳಿಗ್ಗೆ ಅಪ್ಪ ರುಜು ಹಾಕೋರು” ಎಂದರು. ನಮ್ಮ ತಾತನ ಮನೆಯಲ್ಲೂ ಕಂದಾಯದ ಪುಸ್ತಕಗಳಲ್ಲಿ ಎರಡು ಬಗೆಯ ಅಕ್ಷರ ಇದ್ದದ್ದು ಆಗ ನನಗೆ ಹೊಳೆಯಿತು. ಗುಂಡಗೆ ಮುತ್ತಿನಂತಿದ್ದ ಅಕ್ಷರ ಅಜ್ಜಿಯದು.

ಆ ಪುಸ್ತಕಗಳಲ್ಲಿ ಹೆಂಗಸಿನ ಹೆಸರು ಎಲ್ಲಿಯೂ ಇಲ್ಲ. ಶಾನುಭೋಗಿಕೆಯ ಸಂಭಾವನೆಯಾದ ಪೋಟಗಿ ಬರುತ್ತಿದ್ದದ್ದು ಗಂಡನ ಹೆಸರಿಗೆ, ತಹಸೀಲ್ದಾರರು ಬೈಯುತ್ತಿದ್ದದ್ದೂ ಹೊಗಳುತ್ತಿದ್ದದ್ದೂ ಗಂಡನನ್ನೇ. ವಂಶಪಾರಂಪರ್ಯ ಶಾನುಭೋಗಿಕೆ, ಪಟೇಲಿಕೆಗಳನ್ನು ರದ್ದು ಮಾಡುವ ಕಾಯ್ದೆ 1961ರದು. ಜಾರಿಗೆ ಬಂದದ್ದು 1963ರ ಫೆಬ್ರವರಿಯಲ್ಲಿ. ಅದರೊಂದಿಗೆ ಆ ಹೆಂಗಸರ ಕೆಲಸದ ಕುರುಹೂ ಹೋಯಿತು. ಒಂದು ಧಾರಾವಾಹಿ ಅದನ್ನು ಮತ್ತೆ ಮಾತಿಗೆ ತಂದಿತು.

ಎಲ್ಲರೂ ಒಂದೇ ದನಿಯಲ್ಲಿ ಮೆಚ್ಚಿಕೊಂಡರು ಎಂದೇನೂ ಅಲ್ಲ. ಹಾಸನದ ಕಲ್ಯಾಣ ಮಂಟಪವೊಂದರಲ್ಲಿ, ಮುಹೂರ್ತ ಮುಗಿದು ಊಟದ ಪಂಕ್ತಿಗೆ ಕಾಯುತ್ತಿದ್ದಾಗ, ನಮ್ಮ ನೆಂಟರ ಪೈಕಿ ಹೆಂಗಸರ ನಡುವೆ ದೊಡ್ಡ ವಾದವೇ ನಡೆಯಿತು. ಇಂಜಿನಿಯರಿಂಗ್ ಓದುತ್ತಿದ್ದ ಹುಡುಗಿಯೊಬ್ಬಳು “ಅವಳು ಆ ಚೆನ್ನಿಗರಾಯನ ಬಿಟ್ಟು ಹೋಗಬೇಕಿತ್ತು ಅತ್ತೆ, ಅಷ್ಟು ಬುದ್ಧಿ ಇದ್ದವಳು ಯಾಕೆ ಇದ್ಳು?” ಎಂದು ಕೇಳಿದಳು. “ಎಲ್ಲಿಗೆ ಹೋಗ್ತಿದ್ಳೇ? ಮೂರು ಮಕ್ಕಳು ಕಟ್ಕೊಂಡು ಅಣ್ಣನ ಮನೆ ಬಾಗಿಲಿಗಾ? ಆ ಅತ್ತಿಗೆ ಒಳಗೆ ಕರೆದಿರೋಳಾ?” ಎಂದು ಅವಳ ದೊಡ್ಡಮ್ಮ. ಹುಡುಗಿ ಬಿಡಲಿಲ್ಲ. “ಅಪ್ಪನ ಆಸ್ತಿಲಿ ಪಾಲು ಕೇಳಬಹುದಿತ್ತು.” ಆಗ ಹಿಂದಿನ ಕುರ್ಚಿಯಲ್ಲಿ ಕುಳಿತಿದ್ದ ವಕೀಲರೊಬ್ಬರು ತಿರುಗಿ ವಿವರಿಸಿದರು. ಮೈಸೂರು ಸಂಸ್ಥಾನದಲ್ಲಿ ಹಿಂದೂ ಸ್ತ್ರೀಯರ ಹಕ್ಕಿನ ಕಾನೂನು 1933ರಷ್ಟು ಹಿಂದೆಯೇ ಬಂದಿತ್ತು, ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆ. ಆದರೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದು ಕರ್ನಾಟಕ ತಿದ್ದುಪಡಿ ತಂದದ್ದು 1994ರಲ್ಲಿ. ನಂಜಮ್ಮ ಅಷ್ಟು ದಿನ ಬದುಕಿರಲಿಲ್ಲ. ಹುಡುಗಿ ಸುಮ್ಮನಾದಳು, ಆದರೆ ಒಪ್ಪಲಿಲ್ಲ. ಅವಳು ಒಪ್ಪದೇ ಇದ್ದದ್ದು ನನಗೆ ಸಮಾಧಾನ ಕೊಟ್ಟಿತು. ಅವಳ ದೊಡ್ಡಮ್ಮನ ಮಾತು ಆ ಕಾಲದ ಸತ್ಯ, ಅವಳದು ಈ ಕಾಲದ ನ್ಯಾಯ. ಎರಡೂ ಒಂದೇ ಸಾಲಿನ ಕುರ್ಚಿಗಳಲ್ಲಿ ಕೂತು ಮಾತಾಡಿಕೊಂಡವು.

ಇನ್ನೊಂದು ದೂರು ಬಹಳ ಮನೆಗಳಲ್ಲಿ ಕೇಳಿದೆ: “ಇಷ್ಟೊಂದು ಗೋಳು ಯಾಕೆ ತೋರಿಸ್ಬೇಕು? ಆ ಇಬ್ಬರಲ್ಲಿ ಒಬ್ಬರನ್ನಾದರೂ ಉಳಿಸಬಾರದಾಗಿತ್ತಾ?” ಕೇಳಿದವರು ಕಲ್ಲು ಮನಸ್ಸಿನವರಲ್ಲ, ತಡೆಯಲಾರದೆ ಕೇಳಿದವರು. ಆದರೂ ನಾನು ಕಾಸರವಳ್ಳಿಯವರ ಪರ. ‘ಘಟಶ್ರಾದ್ಧ’, ‘ತಬರನ ಕಥೆ’ ಮಾಡಿದ ನಿರ್ದೇಶಕ ಕಣ್ಣೀರಿಗಾಗಿ ಸಾವನ್ನು ಎಳೆಯುವವರಲ್ಲ. ಅವರ ನಂಜಮ್ಮನಿಗೆ ಅಳಲು ಪುರುಸೊತ್ತೇ ಇಲ್ಲ. ಸತ್ತವರ ಕೆಲಸ ಆಗಬೇಕು, ಉಳಿದವನನ್ನು ಕಾಪಾಡಬೇಕು, ಲೆಕ್ಕ ತಪ್ಪುವಂತಿಲ್ಲ. ಬಡತನದಲ್ಲಿ ದುಃಖ ಹೀಗೇ ಇರುತ್ತದೆ ಎಂದು ಎದುರುಮನೆಯ ಅಜ್ಜಿಯ ಮಾತು ಕೇಳಿದವರಿಗೆ ಗೊತ್ತು. ಈಗಿನ ಅನೇಕ ಐತಿಹಾಸಿಕ ಧಾರಾವಾಹಿಗಳಲ್ಲಿ ಮೈತುಂಬ ಒಡವೆ, ಸಿಡಿಲಿನಂಥ ಸದ್ದು, ಒಂದೇ ಮುಖವನ್ನು ಮೂರು ಸಲ ತೋರಿಸುವುದು ಇವೆಲ್ಲ ಇವೆ. ಆ ಕಾಲದ ಒಂದು ಒಲೆ, ಒಂದು ಕಾಳಿನ ಚೀಲ, ಒಂದು ಸಾಲದ ಪತ್ರ ಇಲ್ಲ. ಅವುಗಳನ್ನು ನೋಡಿ ಯಾವ ಅಜ್ಜಿಯೂ ತನ್ನ ಸತ್ತ ಅಣ್ಣನ ಹೆಸರು ಹೇಳಲಾರಳು.

ಎಲೆ ಹಚ್ಚುವುದನ್ನು ಹೇಳದೆ ಮುಂದೆ ಹೋಗಲಾರೆ. ನಂಜಮ್ಮ ಮುತ್ತುಗದ ಎಲೆ ಹಚ್ಚುವವಳು ಎಂದು ಓದಿದ್ದೆ, ಹಚ್ಚಿದ್ದನ್ನು ಕಂಡಿರಲಿಲ್ಲ. ಒಂದು ಸಂಜೆ ವಠಾರದ ಮೂಲೆಮನೆಯ ದೊಡ್ಡಮ್ಮ ಸಂತೆಯಿಂದ ತರಿಸಿದ ಎಲೆಗಳನ್ನು ಮುಂದಿಟ್ಟುಕೊಂಡು ಕುಳಿತರು. ಒಣಗಿದ ಎಲೆಗೆ ನೀರು ಚಿಮುಕಿಸಿ, ಮಣಿಯುವಂತಾದ ಮೇಲೆ ದೊಡ್ಡದೊಂದನ್ನು ನಡುವೆ ಇಟ್ಟು, ಸುತ್ತ ಒಂದರ ಮೇಲೊಂದು ಅಂಚು ಬರುವಂತೆ ಜೋಡಿಸಿ, ಸಣ್ಣ ಕಡ್ಡಿಯಿಂದ ಚುಚ್ಚಿ ಮುರಿಯುತ್ತಾ ಹೋದರು. ಕಡ್ಡಿಯ ತುದಿ ಅನ್ನ ಕಲಸುವ ಬೆರಳಿಗೆ ತಾಗಬಾರದು, ಸಾರು ಸೋರಬಾರದು. ಮಾತಾಡುತ್ತಲೇ ಇದ್ದರು, ಕೈ ನೋಡುತ್ತಲೇ ಇರಲಿಲ್ಲ. “ನೂರಕ್ಕೆ ಒಂದು ಕಟ್ಟು. ಮದುವೆ ಸೀಸನ್ನಲ್ಲಿ ನಮ್ಮ ಸ್ಕೂಲ್ ಫೀಸು ಇದರಲ್ಲೇ ಆಗೋದು” ಎಂದರು. ಆ ಜಗುಲಿಯಲ್ಲಿ ಕೂತಿದ್ದ ನಮ್ಮಲ್ಲಿ ಬಹಳ ಜನ ಆ ಎಲೆಗಳಲ್ಲಿ ಉಂಡವರೇ. ಹಚ್ಚಿದವರು ಯಾರೆಂದು ಕೇಳಿದವರು ಇರಲಿಲ್ಲ.

2020ರ ಮಾರ್ಚಿನಲ್ಲಿ ಕೊರೊನಾ ಬಂದು ಹಳ್ಳಿಗಳವರು ಊರ ಬಾಗಿಲಿಗೆ ಮುಳ್ಳು, ಮರದ ದಿಮ್ಮಿ ಅಡ್ಡ ಹಾಕಿದಾಗ ಮತ್ತೆ ಇದೇ ಮಾತು ಬಂತು. ಅಷ್ಟು ಹೊತ್ತಿಗೆ ಎದುರುಮನೆಯ ಅಜ್ಜಿ ಇರಲಿಲ್ಲ. ಅವರ ಮಗ ಫೋನ್ ಮಾಡಿ, “ಅಮ್ಮ ಹೇಳಿದ್ರಲ್ಲ ಮೇಡಂ, ರಾಗಿ ಮೂಟೆ ಕಥೆ, ಅದನ್ನ ನೀವು ಬರ್ಕೊಂಡಿದ್ರಾ?” ಎಂದು ಕೇಳಿದರು. ಬರೆದುಕೊಂಡಿದ್ದೆ. ಓದಿ ಹೇಳಿದೆ. ಅವರು ತಮ್ಮ ಮೊಮ್ಮಗಳ ನೋಟ್‌ಬುಕ್ಕಿನಲ್ಲಿ ಆ ಎರಡು ಹೆಸರುಗಳನ್ನು ಬರೆಸಿಕೊಂಡರು.

ಭೈರಪ್ಪನವರು 2025ರ ಸೆಪ್ಟೆಂಬರ್ 24ರಂದು ತೀರಿಕೊಂಡರು. ಪ್ಲೇಗಿನ ಗುಡಿಸಿಲಿನಲ್ಲಿ ಮಲಗಿದ ನೆನಪಿರುವವರಿಗೆ ಈಗ ಎಂಬತ್ತೈದಕ್ಕೂ ಮೇಲೆ. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಅಂಥವರು ಇದ್ದರೆ ‘ಗೃಹಭಂಗ’ದ ಪ್ಲೇಗಿನ ಭಾಗವನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಿ. ಓದಿ ಮುಗಿಸಿದ ಮೇಲೆ ಅವರು ಹೇಳುವುದನ್ನು ಬರೆದುಕೊಳ್ಳಿ: ಸತ್ತ ಮಕ್ಕಳ ಹೆಸರು, ಗುಡಿಸಿಲು ಹಾಕಿದ್ದ ತೋಟ, ಲೆಕ್ಕ ಬರೆದವರ ಹೆಸರು. ಈ ವರ್ಷವೇ ಬರೆದುಕೊಳ್ಳಿ.