ದೀಪಕ್ಕೊಂದು ಮರೆ, ಬಾನಿಗೊಂದು ಇರುಳು

ಲಡಾಖಿನ ಹಾನ್ಲೆಯಲ್ಲಿ ಕತ್ತಲಾದ ಮೇಲೆ ಹೈಬೀಮ್ ಹಾಕಿಕೊಂಡು ಗಾಡಿ ಓಡಿಸುವಂತಿಲ್ಲ. ಕಿಟಕಿಗಳಿಗೆ ದಪ್ಪ ಪರದೆ, ಹೊರಗಿನ ದೀಪಗಳಿಗೆ ಮರೆ. 2022ರ ಡಿಸೆಂಬರ್‌ನಲ್ಲಿ ಇಲ್ಲಿನ 1,073 ಚದರ ಕಿಲೋಮೀಟರ್ ಪ್ರದೇಶ ‘ಡಾರ್ಕ್ ಸ್ಕೈ ರಿಸರ್ವ್’ ಆಯಿತು. ಕಾಡನ್ನು ಕಾಯುವಂತೆ ಕತ್ತಲನ್ನು ಕಾಯುವ ವಲಯ. ಊರಿನ ಪಕ್ಕದ ಬೆಟ್ಟದ ಮೇಲೆ, 4,500 ಮೀಟರ್ ಎತ್ತರದಲ್ಲಿ, ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ವೀಕ್ಷಣಾಲಯವಿದೆ. ಅಲ್ಲಿನ ಎರಡು ಮೀಟರ್ ದೂರದರ್ಶಕವನ್ನು ವಿಜ್ಞಾನಿಗಳು ನಡೆಸುವುದು ನಮ್ಮ ಹೊಸಕೋಟೆಯಲ್ಲಿ ಕುಳಿತು, ಉಪಗ್ರಹ ಸಂಪರ್ಕದ ಮೂಲಕ.

ಹಾನ್ಲೆಯಲ್ಲಿ ಕಟ್ಟಳೆಗಳು ಉಳಿದುಕೊಂಡಿದ್ದಕ್ಕೆ ಕಾರಣ ದಂಡದ ಭಯವಲ್ಲ. ಸಂಸ್ಥೆಯವರು ಊರಿನ ಯುವಕ ಯುವತಿಯರಿಗೆ ತರಬೇತಿ ಕೊಟ್ಟು ದೂರದರ್ಶಕಗಳನ್ನು ಒದಗಿಸಿದರು. ಈಗ ಅವರೇ ಪ್ರವಾಸಿಗರಿಗೆ ಶನಿಯ ಬಳೆ ತೋರಿಸುತ್ತಾರೆ, ಹೋಂಸ್ಟೇ ನಡೆಸುತ್ತಾರೆ. ಕತ್ತಲು ಅವರ ಅನ್ನವೂ ಆಗಿದೆ, ಹೆಮ್ಮೆಯೂ ಆಗಿದೆ. ನಮ್ಮ ಬಡಾವಣೆಗಳ ಸಂಘಗಳು ಕಲಿಯಬೇಕಾದ ಪಾಠ ಇಲ್ಲೇ ಇದೆ: ದೀಪ ಆರಿಸಿ ಎನ್ನುವ ಮೊದಲು ಜನರಿಗೆ ಆಕಾಶ ತೋರಿಸಬೇಕು.

ತೋರಿಸಲು ಹೆಚ್ಚು ಉಳಿದಿಲ್ಲ ಎಂಬುದೇ ಸಂಕಟ. ಕೃತ್ತಿಕೆ, ಮೃಗಶಿರ, ಆರ್ದ್ರೆ ಎಂದು ಮಳೆಗಳನ್ನು ನಕ್ಷತ್ರಗಳ ಹೆಸರಿನಿಂದಲೇ ಕರೆದ ನಾಡು ನಮ್ಮದು. ಬೆಂಗಳೂರಿನ ಮಗುವಿಗೆ ಕೃತ್ತಿಕೆಯ ಪುಟ್ಟ ಗೊಂಚಲು ಕಾಣುವುದೇ ಅಪರೂಪ, ಆಕಾಶಗಂಗೆಯಂತೂ ಚಿತ್ರದಲ್ಲಿ ಮಾತ್ರ. ‘ಗ್ಲೋಬ್ ಅಟ್ ನೈಟ್’ ಯೋಜನೆಗಾಗಿ ನಾನಾ ದೇಶಗಳ ಜನಸಾಮಾನ್ಯರು ಬರಿಗಣ್ಣಿನಿಂದ ನೋಡಿ ಕಳಿಸಿದ ಐವತ್ತು ಸಾವಿರಕ್ಕೂ ಹೆಚ್ಚು ವರದಿಗಳನ್ನು ವಿಜ್ಞಾನಿಗಳು ಲೆಕ್ಕಹಾಕಿದಾಗ, 2011ರಿಂದ 2022ರ ನಡುವೆ ಇರುಳ ಬಾನು ಸರಾಸರಿ ವರ್ಷಕ್ಕೆ ಶೇ 9.6ರಷ್ಟು ಬೆಳಗುತ್ತಾ ಹೋಗಿರುವುದು ಗೊತ್ತಾಯಿತು.

ನಷ್ಟ ಮನುಷ್ಯನದು ಮಾತ್ರ ಅಲ್ಲ. ಉತ್ತರ ಕನ್ನಡದ ಕಡಲತೀರದಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡುತ್ತವೆ. ಮರಿಗಳು ರಾತ್ರಿ ಮರಳಿನಿಂದ ಎದ್ದು ಹೆಚ್ಚು ಬೆಳಕಿರುವ ಅಂಚಿನತ್ತ ಹರಿಯುತ್ತವೆ. ನೈಸರ್ಗಿಕ ಕತ್ತಲಲ್ಲಿ ಆ ಅಂಚು ಸಮುದ್ರ. ದಂಡೆಯ ಮೇಲೆ ಫ್ಲಡ್‌ಲೈಟ್ ಉರಿದರೆ ಮರಿಗಳು ಅತ್ತ ತಿರುಗುತ್ತವೆ. ಮಿಂಚುಹುಳುಗಳ ಕಥೆಯೂ ಇಂಥದ್ದೇ. ಮಿನುಗಿ ಸಂಗಾತಿಯನ್ನು ಕರೆಯುವ ಜೀವಕ್ಕೆ ಸುತ್ತ ಬೆಳಕು ತುಂಬಿದರೆ ಕರೆ ಮುಟ್ಟುವುದಿಲ್ಲ.

ಮನೆಯಲ್ಲಿ ಮಾಡಬೇಕಾದ್ದು ಕಷ್ಟದ್ದಲ್ಲ. ಗೇಟಿನ ಕಂಬದ ಮೇಲಿನ ದುಂಡು ದೀಪದ ಅರ್ಧದಷ್ಟು ಬೆಳಕು ಮೇಲಕ್ಕೇ ಹೋಗುತ್ತದೆ. ಆ ಬೆಳಕಿಗೂ ಕರೆಂಟ್ ಬಿಲ್ ಕಟ್ಟುವವರು ನಾವೇ. ಮೇಲೆ ಮರೆಯಿರುವ, ನೆಲಕ್ಕೆ ಮುಖಮಾಡಿದ ದೀಪವಾದರೆ ಕಡಿಮೆ ವ್ಯಾಟ್ ಸಾಕು. ಬಲ್ಬ್ ಕೊಳ್ಳುವಾಗ ಡಬ್ಬಿಯ ಮೇಲಿನ ಕೆಲ್ವಿನ್ ಅಂಕಿ ನೋಡಿ. 6,500 ಎಂದರೆ ನೀಲಿ ಬೆರೆತ ಬಿಳಿ; ನೀಲಿ ಬೆಳಕು ಗಾಳಿಯಲ್ಲಿ ಹೆಚ್ಚು ಚದುರಿ ಬಾನನ್ನು ಮಬ್ಬಾಗಿಸುತ್ತದೆ. ಹೊರಗಿನ ದೀಪಕ್ಕೆ 2,700ರ ಹಳದಿಛಾಯೆ ಒಳ್ಳೆಯದು.

ಸಂಘದ ಸಭೆಯಲ್ಲಿ ಮೊದಲು ಏಳುವ ಪ್ರಶ್ನೆ ಕಳ್ಳರದು. ಆ ಭಯವನ್ನು ಹಗುರವಾಗಿ ತಳ್ಳಿಹಾಕಬಾರದು, ಅದರಲ್ಲೂ ರಾತ್ರಿ ಪಾಳಿ ಮುಗಿಸಿ ಬರುವ ಹೆಣ್ಣುಮಕ್ಕಳ ಭಯವನ್ನು. ಆದರೆ ಕಣ್ಣಿಗೆ ರಾಚುವ ದೀಪ ಪಾಪೆಯನ್ನು ಕಿರಿದಾಗಿಸುತ್ತದೆ. ಅದರ ಪಕ್ಕದ ನೆರಳಿನಲ್ಲಿ ನಿಂತವನು ವಾಚ್‌ಮ್ಯಾನ್‌ಗೂ ಕಾಣುವುದಿಲ್ಲ. ನಡೆಯುವ ದಾರಿಗೆ ಸಮನಾಗಿ ಬೀಳುವ ಮೆದು ಬೆಳಕು, ಹಿತ್ತಲಿಗೆ ಯಾರಾದರೂ ಬಂದಾಗ ಹೊತ್ತಿಕೊಳ್ಳುವ ಸೆನ್ಸರ್ ದೀಪ, ಇವುಗಳಿಂದ ಕಾವಲು ಬಿಗಿಯಾಗುತ್ತದೆ. ಕಟ್ಟಡದ ಮೈಗೆ ಸುರಿಯುವ ಅಲಂಕಾರದ ದೀಪಗಳು ಮಾತ್ರ ರಾತ್ರಿ ಹತ್ತಕ್ಕೆ ಟೈಮರ್‌ನಿಂದ ಆರಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹಬ್ಬಕ್ಕೆ ವಿನಾಯಿತಿ ಇರಲಿ.

ಈ ಚಳಿಗಾಲದ ಒಂದು ಅಮಾವಾಸ್ಯೆಯ ಸಂಜೆ ನಿಮ್ಮ ಅಪಾರ್ಟ್‌ಮೆಂಟಿನ ಟೆರೇಸ್ ದೀಪಗಳನ್ನು ಒಂದು ಗಂಟೆ ಆರಿಸಿ, ಮಕ್ಕಳನ್ನೂ ಅಜ್ಜ ಅಜ್ಜಿಯರನ್ನೂ ಮೇಲೆ ಕರೆಯಿರಿ. ಕಣ್ಣು ಕತ್ತಲಿಗೆ ಒಗ್ಗಲು ಇಪ್ಪತ್ತು ನಿಮಿಷ ಬಿಟ್ಟು ಕೃತ್ತಿಕೆಯಲ್ಲಿ ಎಷ್ಟು ಚುಕ್ಕಿ ಕಾಣುತ್ತವೆ ಎಂದು ಎಲ್ಲರೂ ಎಣಿಸಿ ಬರೆದಿಡಿ. ದೀಪಗಳ ವಿಷಯವನ್ನು ಸಂಘದ ಮುಂದಿಡುವ ಸಭೆಯನ್ನು ಮರುದಿನವೇ ಕರೆಯಿರಿ.