ಅಂತರ್ಜಾಲ ಶೋಧನೆ: ಸರಿಯಾದ ಪದ, ವಿಶ್ವಾಸಾರ್ಹ ಮೂಲ

ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೂ ಹೈದರಾಬಾದ್ ರಾಜ್ಯದಲ್ಲಿದ್ದವು. ಇಂದಿಗೂ ಈ ಭಾಗದ ಅನೇಕ ಕುಟುಂಬಗಳು ಉನ್ನತ ಚಿಕಿತ್ಸೆಗಾಗಿ ಹೈದರಾಬಾದ್ ನಗರಕ್ಕೆ ತೆರಳುತ್ತವೆ. ಯಾವ ಆಸ್ಪತ್ರೆಗೆ ಹೋಗಬೇಕು, ಹೊರರೋಗಿ ವಿಭಾಗ ಎಷ್ಟು ಹೊತ್ತಿಗೆ ತೆರೆಯುತ್ತದೆ, ಯಾವ ದೂರವಾಣಿ ಸಂಖ್ಯೆಗೆ ಕರೆ ಮಾಡಬೇಕು ಎಂಬ ವಿವರಗಳನ್ನು ಹಿಂದೆ ಹೋಗಿ ಬಂದವರಿಂದ ಕೇಳಿ ತಿಳಿಯಬೇಕಾಗಿತ್ತು. ಈಗ ಅವುಗಳನ್ನು ಮೊಬೈಲ್ ಫೋನಿನಲ್ಲಿಯೇ ಹುಡುಕಲಾಗುತ್ತದೆ. ಹುಡುಕುವ ಕ್ರಮ ಸರಿಯಾಗಿದ್ದರೆ ಸಮಯವೂ ಹಣವೂ ಉಳಿಯುತ್ತವೆ. ಕ್ರಮ ತಪ್ಪಿದರೆ ರೋಗಿಯ ಪ್ರಯಾಣವೇ ವ್ಯರ್ಥವಾಗಬಹುದು. ಕುಟುಂಬವು ವಂಚನೆಗೂ ಗುರಿಯಾಗಬಹುದು.

ಶೋಧಕ ಯಂತ್ರದ ಕಾರ್ಯವಿಧಾನ

ಸರ್ಚ್ ಎಂಜಿನ್ ಎಂದು ಕರೆಯಲಾಗುವ ಶೋಧಕ ಯಂತ್ರವು ಒಂದು ತಂತ್ರಾಂಶ ವ್ಯವಸ್ಥೆ. ಅದು ಜಾಲಪುಟಗಳನ್ನು ಮೊದಲೇ ಓದಿ, ಅವುಗಳಲ್ಲಿರುವ ಪದಗಳ ಬೃಹತ್ ಸೂಚಿಯೊಂದನ್ನು ಸಿದ್ಧಪಡಿಸಿಕೊಂಡಿರುತ್ತದೆ. ಗ್ರಂಥದ ಕೊನೆಯಲ್ಲಿರುವ ಪದಸೂಚಿಗೆ ಇದನ್ನು ಹೋಲಿಸಬಹುದು. ಬಳಕೆದಾರರು ಪದಗಳನ್ನು ನೀಡಿದಾಗ ಯಂತ್ರವು ಈ ಸೂಚಿಯನ್ನು ಪರಿಶೀಲಿಸುತ್ತದೆ. ಪದಗಳ ಹೊಂದಾಣಿಕೆ, ಇತರ ತಾಣಗಳಿಂದ ಆ ಪುಟಕ್ಕಿರುವ ಕೊಂಡಿಗಳು, ಹುಡುಕುವವರು ಇರುವ ಸ್ಥಳ ಮುಂತಾದ ಅಂಶಗಳನ್ನು ಗಣಿಸಿ ಫಲಿತಾಂಶಗಳನ್ನು ಒಂದು ಕ್ರಮದಲ್ಲಿ ಜೋಡಿಸುತ್ತದೆ. ಮೊದಲ ಸ್ಥಾನದಲ್ಲಿರುವ ಮಾತ್ರಕ್ಕೆ ಆ ಪುಟದ ಮಾಹಿತಿ ನಿಜವೆಂದು ಭಾವಿಸಲಾಗದು.

ಹೆಸರು ಮತ್ತು ಸ್ಥಳ

ಹೈದರಾಬಾದಿನ ಪಂಜಗುಟ್ಟದಲ್ಲಿರುವ ನಿಜಾಮ್ಸ್ ವೈದ್ಯವಿಜ್ಞಾನ ಸಂಸ್ಥೆಯು ‘ನಿಮ್ಸ್’ ಎಂದು ಪ್ರಸಿದ್ಧವಾಗಿದೆ. ರಾಜಸ್ಥಾನದ ಜೈಪುರದಲ್ಲಿರುವ ಒಂದು ವಿಶ್ವವಿದ್ಯಾಲಯಕ್ಕೂ ಇದೇ ಸಂಕ್ಷಿಪ್ತ ನಾಮವಿದೆ. ಹೈದರಾಬಾದ್ ಎಂಬ ಹೆಸರಿನ ನಗರ ಪಾಕಿಸ್ತಾನದ ಸಿಂಧ್ ಪ್ರಾಂತದಲ್ಲಿಯೂ ಇದೆ. ಆದ್ದರಿಂದ ಸಂಸ್ಥೆಯ ಪೂರ್ಣ ಹೆಸರು, ಬಡಾವಣೆ, ನಗರ ಮತ್ತು ಬೇಕಾದ ವಿಭಾಗವನ್ನು ಒಟ್ಟಿಗೆ ನೀಡುವುದು ಸೂಕ್ತ. ‘ಒಳ್ಳೆಯ ಆಸ್ಪತ್ರೆ ಯಾವುದು’ ಎಂಬ ಪ್ರಶ್ನೆಗಿಂತ ‘ನಿಮ್ಸ್ ಪಂಜಗುಟ್ಟ ಹೈದರಾಬಾದ್ ಹೊರರೋಗಿ ವಿಭಾಗ ಸಮಯ’ ಎಂಬ ಪದಸಮೂಹ ಹೆಚ್ಚು ಉಪಯುಕ್ತ. ಬೇಕಾದ ಪುಟದಲ್ಲಿ ಯಾವ ಪದಗಳು ಇರಬಹುದೆಂದು ಊಹಿಸಿ, ಅವುಗಳನ್ನೇ ಬರೆಯಬೇಕು.

ಭಾಷೆಯ ಆಯ್ಕೆ

ಹೈದರಾಬಾದಿನ ಗಚ್ಚಿಬೌಲಿಯಲ್ಲಿ 1998ರಲ್ಲಿ ಸ್ಥಾಪನೆಗೊಂಡ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯಲ್ಲಿ ಭಾರತೀಯ ಭಾಷೆಗಳಲ್ಲಿ ಮಾಹಿತಿ ಶೋಧನೆಯನ್ನು ಕುರಿತು ಸಂಶೋಧನೆ ನಡೆದಿದೆ. ನಮ್ಮ ಭಾಷೆಗಳಲ್ಲಿ ಪದದ ರೂಪ ಬದಲಾಗುತ್ತಿರುವುದು ಈ ಕಾರ್ಯದ ಒಂದು ತೊಡಕು. ಆಸ್ಪತ್ರೆ, ಆಸ್ಪತ್ರೆಗೆ, ಆಸ್ಪತ್ರೆಯಲ್ಲಿ ಎಂಬುವು ಓದುಗರಿಗೆ ಒಂದೇ ಪದ. ಯಂತ್ರವು ಅವುಗಳನ್ನು ಬೇರೆ ಬೇರೆ ಪದಗಳೆಂದು ಎಣಿಸಬಹುದು. ಆದಕಾರಣ ಪ್ರತ್ಯಯವಿಲ್ಲದ ಮೂಲರೂಪವನ್ನು ಬಳಸುವುದು ಹಿತಕರ. ಕನ್ನಡದಲ್ಲಿ ಸಮರ್ಪಕ ಉತ್ತರ ದೊರೆಯದಿದ್ದಲ್ಲಿ ಅದೇ ಪದಗಳನ್ನು ಇಂಗ್ಲಿಷಿನಲ್ಲಿ ನೀಡಿ ನೋಡಬಹುದು. ಊರಿನ ಹಳೆಯ ಹೆಸರನ್ನೂ ಪ್ರಯತ್ನಿಸಬೇಕು. ಕಲಬುರಗಿಯು 2014ಕ್ಕೆ ಮುಂಚಿನ ಪುಟಗಳಲ್ಲಿ ಬಹುಮಟ್ಟಿಗೆ ಗುಲ್ಬರ್ಗಾ ಎಂದೇ ಇದೆ.

ಉಪಯುಕ್ತ ಚಿಹ್ನೆಗಳು

1. ಹಲವು ಪದಗಳ ಹೆಸರನ್ನು ಉದ್ಧರಣ ಚಿಹ್ನೆಗಳ ನಡುವೆ ಬರೆದರೆ, ಆ ಪದಗಳು ಅದೇ ಕ್ರಮದಲ್ಲಿರುವ ಪುಟಗಳಿಗೆ ಆದ್ಯತೆ ದೊರೆಯುತ್ತದೆ.

2. ಬೇಡವಾದ ಪದದ ಹಿಂದೆ ಅಂತರವಿಲ್ಲದೆ ಕಳೆಯುವ ಚಿಹ್ನೆಯನ್ನು ಇಟ್ಟರೆ ಆ ಪದವಿರುವ ಪುಟಗಳು ಹೊರಗುಳಿಯುತ್ತವೆ. ಜೈಪುರದ ಸಂಸ್ಥೆಯ ಪುಟಗಳನ್ನು ಹೀಗೆ ಬಿಡಿಸಬಹುದು.

3. ‘ಸೈಟ್’ ಎಂಬ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಕೋಲನ್ ಚಿಹ್ನೆ ಹಾಕಿ, ಅಂತರ ಬಿಡದೆ ಜಾಲತಾಣದ ವಿಳಾಸ ನೀಡಿದರೆ ಶೋಧನೆ ಆ ತಾಣಕ್ಕೆ ಸೀಮಿತವಾಗುತ್ತದೆ.

4. ಫಲಿತಾಂಶಗಳನ್ನು ದಿನಾಂಕದ ಪ್ರಕಾರ ಸೀಮಿತಗೊಳಿಸುವ ಸೌಲಭ್ಯವೂ ಇದೆ. ಆರೋಗ್ಯಶ್ರೀ ಯೋಜನೆ 2007ರಲ್ಲಿ ಅವಿಭಜಿತ ಆಂಧ್ರಪ್ರದೇಶದಲ್ಲಿ ಆರಂಭವಾಯಿತು. 2014ರ ಜೂನ್ 2ರಂದು ತೆಲಂಗಾಣ ರಚನೆಯಾದ ಬಳಿಕ ಎರಡೂ ರಾಜ್ಯಗಳಲ್ಲಿ ವ್ಯವಸ್ಥೆ ಪ್ರತ್ಯೇಕವಾಯಿತು. ಹಳೆಯ ಪುಟವನ್ನು ನಂಬಿ ಹೊರಟವರಿಗೆ ತೊಂದರೆ ತಪ್ಪದು.

ಮೂಲದ ಪರಿಶೀಲನೆ

ಆಹಾರಪಥ್ಯದ ಬಗ್ಗೆ ಹುಡುಕಿದರೆ ಲೆಕ್ಕವಿಲ್ಲದಷ್ಟು ಸಲಹೆಗಳು ಕಾಣಿಸಿಕೊಳ್ಳುತ್ತವೆ. ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಭಾರತೀಯರಿಗಾಗಿ 17 ಆಹಾರ ಮಾರ್ಗಸೂಚಿಗಳನ್ನು ಪ್ರಕಟಿಸಿದೆ. ವಿಷಯದ ಜೊತೆಗೆ ಸಂಸ್ಥೆಯ ಹೆಸರನ್ನೂ ವರ್ಷವನ್ನೂ ಸೇರಿಸಿ ಹುಡುಕಿದರೆ ಮೂಲ ದಾಖಲೆಯೇ ದೊರೆಯುತ್ತದೆ. ಕೃತಕ ಬುದ್ಧಿಮತ್ತೆಯಿಂದ ಸಿದ್ಧಗೊಂಡು ಪುಟದ ಮೇಲ್ಭಾಗದಲ್ಲಿ ಕಾಣಿಸುವ ಸಾರಾಂಶದಲ್ಲಿಯೂ ತಪ್ಪುಗಳಿರಬಹುದು. ಅದನ್ನು ಮೂಲದೊಡನೆ ಹೋಲಿಸಿ ನೋಡಬೇಕು.

ದೂರವಾಣಿ ಸಂಖ್ಯೆಯ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಆಸ್ಪತ್ರೆ ಅಥವಾ ಬ್ಯಾಂಕಿನ ಸಹಾಯವಾಣಿಯೆಂದು ನಂಬಿಸಿ ವಂಚಕರು ತಮ್ಮ ಸಂಖ್ಯೆಗಳನ್ನು ಅಂತರ್ಜಾಲದಲ್ಲಿ ಹರಡುತ್ತಾರೆ. ‘ಪ್ರಾಯೋಜಿತ’ ಎಂದು ಗುರುತಿಸಿದ ಫಲಿತಾಂಶಗಳು ಹಣ ಪಡೆದು ಪ್ರಕಟಿಸಿದ ಜಾಹೀರಾತುಗಳು. ಸಂಖ್ಯೆಯನ್ನು ಸಂಸ್ಥೆಯ ಅಧಿಕೃತ ತಾಣದಿಂದಲೇ ಪಡೆಯಬೇಕು. ಸರ್ಕಾರಿ ತಾಣಗಳ ಹೆಸರು ಸಾಮಾನ್ಯವಾಗಿ ‘ಜಿಒವಿ ಡಾಟ್ ಇನ್’ ಅಥವಾ ‘ಎನ್ಐಸಿ ಡಾಟ್ ಇನ್’ ಎಂದು ಕೊನೆಗೊಳ್ಳುತ್ತದೆ. ಈ ಅಕ್ಷರಗಳು ಹೆಸರಿನ ನಡುವೆ ಮಾತ್ರ ಇದ್ದು, ಕೊನೆ ಬೇರೆಯಾಗಿದ್ದರೆ ಅದು ಸರ್ಕಾರಿ ತಾಣವಲ್ಲ. ಸರದಿ ಕಾಯ್ದಿರಿಸುವ ನೆಪದಲ್ಲಿ ಒಟಿಪಿ ಅಥವಾ ಪಿನ್ ಕೇಳಿದರೆ ಕರೆಯನ್ನು ಕೂಡಲೇ ಕಡಿತಗೊಳಿಸಬೇಕು. ಹಣ ಕಳೆದುಕೊಂಡವರು ತಡಮಾಡದೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡತಕ್ಕದ್ದು. ದೂರು ಬೇಗ ದಾಖಲಾದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಶೋಧಕ ಯಂತ್ರವು ದಾರಿ ತೋರಿಸುವ ಸಾಧನ ಮಾತ್ರ. ಪದಗಳನ್ನು ಆರಿಸುವ, ಮೂಲವನ್ನು ಪರಿಶೀಲಿಸುವ ಹೊಣೆ ಬಳಕೆದಾರರದು. ಕುಟುಂಬದಲ್ಲಿ ಅಂತರ್ಜಾಲ ಬಲ್ಲ ಯುವಕ ಯುವತಿಯರು ಹಿರಿಯರಿಗೆ ಈ ಕ್ರಮವನ್ನು ತಿಳಿಸಿಕೊಟ್ಟರೆ, ದೂರದ ನಗರಕ್ಕೆ ಚಿಕಿತ್ಸೆಗೆಂದು ಹೊರಡುವವರ ಅಲೆದಾಟ ಬಹುಮಟ್ಟಿಗೆ ತಪ್ಪುತ್ತದೆ.