ಬೆಂಗಳೂರಿನ ‘ಕ್ರಿಪ್ಟಾಸ್’ ಮತ್ತು ಹೆವಿ ಮೆಟಲ್ ಸಂಗೀತ

‘ಹೆವಿ ಮೆಟಲ್’ ಎಂಬ ಹೆಸರು ಕಿವಿಗೆ ಬಿದ್ದೊಡನೆ ಅದನ್ನು ಬರಿಯ ಗದ್ದಲವೆಂದು ತಳ್ಳಿಹಾಕುವುದು ನಮ್ಮಲ್ಲಿ ವಾಡಿಕೆ. ಆದರೆ ಆ ಗದ್ದಲಕ್ಕೂ ಒಂದು ಹುಟ್ಟೂರುಂಟು. ಅದು ಕಾರ್ಖಾನೆಗಳ ಊರು. ಪಾಳಿಯ ಭೋಂಗಾ ಕೇಳುತ್ತ ಬದುಕು ಕಟ್ಟಿದ ಭಾಂಡುಪಿನ ಕನ್ನಡಿಗರಿಗೆ ಅದರ ಹಿನ್ನೆಲೆ ತೀರ ಅಪರಿಚಿತವಾಗಲಾರದು.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ತಗಡಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ಟೋನಿ ಅಯೋಮಿಯವರು ಹದಿನೇಳರ ವಯಸ್ಸಿನಲ್ಲಿ ಬಲಗೈಯ ಎರಡು ಬೆರಳುಗಳ ತುದಿಯನ್ನು ಯಂತ್ರಕ್ಕೆ ಕಳೆದುಕೊಂಡರು. ಅವರು ಎಡಚರು, ಗಿಟಾರಿನ ತಂತಿಯನ್ನು ಒತ್ತುವ ಕೈ ಅದೇ. ಪ್ಲಾಸ್ಟಿಕ್ ಕರಗಿಸಿ ಬೆರಳುಗಳಿಗೆ ಟೊಪ್ಪಿಗೆ ಮಾಡಿಕೊಂಡು, ತೆಳುವಾದ ತಂತಿಗಳನ್ನು ಕಟ್ಟಿ ಅವರು ಮತ್ತೆ ನುಡಿಸಿದರು. ಮುಂದೆ ಶ್ರುತಿಯನ್ನೂ ಇಳಿಸಿದರು. ತಂತಿ ಸಡಿಲವಾದಂತೆ ನಾದ ಗಾಢವಾಯಿತು. 1970ರಲ್ಲಿ ಅವರ ‘ಬ್ಲ್ಯಾಕ್ ಸಬತ್’ ತಂಡದ ಮೊದಲ ಧ್ವನಿಮುದ್ರಿಕೆ ಹೊರಬಂದಿತು. ಈ ಸಂಗೀತದ ಆರಂಭವನ್ನು ಸಾಮಾನ್ಯವಾಗಿ ಅಲ್ಲಿಂದಲೇ ಎಣಿಸುವರು.

ಕರ್ನಾಟಕದಲ್ಲಿ ಇದರ ನೆಲೆ ಬೆಂಗಳೂರು. 1980ರ ದಶಕದ ಉತ್ತರಾರ್ಧದಲ್ಲಿ ಅಲ್ಲಿ ‘ಮಿಲೆನಿಯಮ್’ ಎಂಬ ತಂಡ ಹಾದಿ ತೆರೆಯಿತು. 1998ರಲ್ಲಿ ‘ಕ್ರಿಪ್ಟಾಸ್’ ಹುಟ್ಟಿತು. ಪಾಶ್ಚಾತ್ಯ ತಂಡಗಳ ಹಾಡುಗಳನ್ನು ಹಾಗೆಯೇ ಒಪ್ಪಿಸುವುದು ನಮ್ಮ ರಾಕ್ ವೇದಿಕೆಗಳಲ್ಲಿ ಆಗ ಹೆಚ್ಚಾಗಿ ನಡೆಯುತ್ತಿದ್ದ ಪದ್ಧತಿ. ಕ್ರಿಪ್ಟಾಸ್ ಸ್ವಂತ ರಚನೆಗಳನ್ನು ನಂಬಿ ನಿಂತಿತು. 2004ರಲ್ಲಿ ‘ಸ್ಪೈರಲ್ ಅಸೆಂಟ್’, 2008ರಲ್ಲಿ ‘ದಿ ಆರ್ಕ್ ಆಫ್ ಜೆಮಿನೈ’, 2012ರಲ್ಲಿ ‘ದಿ ಕಾಯಿಲ್ಸ್ ಆಫ್ ಅಪಾಲಿಯನ್’ ಪ್ರಕಟವಾದವು. ನೋಲನ್ ಲೂಯಿಸ್, ರೋಹಿತ್ ಚತುರ್ವೇದಿ ಇವರ ಜೋಡಿ ಗಿಟಾರುಗಳು ಹೆಣೆಯುವ ಸ್ವರಪಂಕ್ತಿ, ಅದರ ಮೇಲೆ ಒರಟು ಕಂಠ: ಇದು ತಂಡದ ಲಕ್ಷಣ. ಅಭಿರುಚಿಗಳು ಬದಲಾದರೂ ಎಂಬತ್ತರ ದಶಕದ ಶೈಲಿಯನ್ನು ಅದು ಬಿಟ್ಟುಕೊಡಲಿಲ್ಲ.

2010ರಲ್ಲಿ ತಂಡವು ಯೂರೋಪಿನಲ್ಲಿ ಸಂಚಾರ ಕೈಗೊಂಡಿತು. 2013ರಲ್ಲಿ ಜರ್ಮನಿಯ ವಾಕನ್ ಗ್ರಾಮದಲ್ಲಿ ವರ್ಷವರ್ಷವೂ ನೆರೆಯುವ ಮಹಾಮೇಳದಲ್ಲಿ ನುಡಿಸಿತು. ಮರುವರ್ಷ ಮುಂಬಯಿಯ ‘ಡಿಮಾನಿಕ್ ರೆಸರೆಕ್ಷನ್’ ತಂಡವೂ ಅದೇ ಮೇಳದಲ್ಲಿ ನುಡಿಸಿತು. 2016ರಿಂದ ಕ್ರಿಪ್ಟಾಸಿನ ಮುದ್ರಿಕೆಗಳನ್ನು ಜರ್ಮನ್ ಸಂಸ್ಥೆಯೊಂದು ಪ್ರಕಟಿಸತೊಡಗಿತು. ಈ ಸಂಗೀತಕ್ಕೆ ಕೇಳುಗರನ್ನು ಮಾತ್ರವಲ್ಲದೆ ಕರ್ತೃಗಳನ್ನೂ ನಮ್ಮ ನಾಡು ಕೊಡಬಲ್ಲದೆಂಬುದು ಹೀಗೆ ಸಿದ್ಧವಾಯಿತು. ತಂಡದ ಪ್ರಭಾವದ ತಿರುಳು ಇದೇ.

ಅದರ ಹಾಡುಗಳ ಭಾಷೆ ಇಂಗ್ಲಿಷ್. ಆದುದರಿಂದ ಕನ್ನಡ ನಾಡಿನ ಸಂಸ್ಕೃತಿಯ ಚರಿತ್ರೆಯಲ್ಲಿ ಇದಕ್ಕೆ ಸ್ಥಾನವುಂಟೇ ಎಂಬ ಪ್ರಶ್ನೆ ಏಳುವುದು ಸಹಜ. ಪಿಟೀಲೂ ಒಮ್ಮೆ ಪರದೇಶದಿಂದ ಬಂದುದೇ. ಅದು ನಮ್ಮ ರಾಗಗಳನ್ನು ನುಡಿಯಲು ಕಲಿಯಿತು, ಮೈಸೂರಿನ ಟಿ. ಚೌಡಯ್ಯನವರು ಅದಕ್ಕೆ ಏಳು ತಂತಿ ಕಟ್ಟಿ ಹೊಸ ನಾದವನ್ನೇ ಹೊರಡಿಸಿದರು. ಹೆವಿ ಮೆಟಲ್ ವಿಷಯದಲ್ಲಿ ಕ್ರಿಪ್ಟಾಸ್ ಮೊದಲ ಅರ್ಧವನ್ನು ಮಾಡಿದೆ: ಪರರ ವಿದ್ಯೆಯನ್ನು ಪರರೇ ಮೆಚ್ಚುವಂತೆ ಕಲಿತಿದೆ. ಅದನ್ನು ಕನ್ನಡದ ಉಸಿರಿಗೆ ಹೊಂದಿಸುವ ಉಳಿದರ್ಧ ಮುಂದಿನವರ ಪಾಲಿನದು.